ಟೆಂಡರ್‌ನಲ್ಲಿ ಎಲ್ಲರೂ ‘ಸ್ಟ್ಯಾಂಡರ್ಡ್ ಸಪೋರ್ಟ್ ಇದೆ’ ಅಂತಾರೆ, ಜೋಡಿಸೋಕೆ ಹೋದ್ರೆ ಕೂಡಲ್ಲ. ಷರತ್ತು ಬರೆಯೋದು ಹೇಗೆ?

ಕರಾರುಪತ್ರ

ದೊಡ್ಡ ಸಂಸ್ಥೆಗಳು ಸಾಫ್ಟ್‌ವೇರ್ ಕೊಳ್ಳುವಾಗ ಈಗ ಒಂದು ಸಾಲು ತಪ್ಪದೇ ಇರುತ್ತೆ: ‘ಮುಕ್ತ ಸ್ಟ್ಯಾಂಡರ್ಡ್‌ಗಳಿಗೆ ಬೆಂಬಲ ಇರಬೇಕು, ಇತರ ವ್ಯವಸ್ಥೆಗಳ ಜೊತೆ ಮಾಹಿತಿ ಹಂಚಿಕೊಳ್ಳಬೇಕು’. ಬಿಡ್ ಹಾಕಿದವರೆಲ್ಲ ‘ಹೌದು’ ಅಂತ ಬರೀತಾರೆ. ಆರ್ಡರ್ ಕೈಗೆ ಹೋದ ಮೇಲೆ ನೋಡಿದರೆ ಇಆರ್‌ಪಿ (ಲೆಕ್ಕ, ಖರೀದಿ, ದಾಸ್ತಾನು ನೋಡೋ ಸಾಫ್ಟ್‌ವೇರ್) ಏರಿಗೆಳೆದರೆ ಎಚ್‌ಆರ್ ನೀರಿಗೆಳೆಯುತ್ತೆ, ಲಾಗಿನ್ ವ್ಯವಸ್ಥೆ ಎರಡನ್ನೂ ನೋಡ್ತಾ ನಿಂತಿರುತ್ತೆ. ಇಂಟಿಗ್ರೇಷನ್ನಿಗೆ ಬೇರೆಯದೇ ಬಿಲ್ಲು.

ತಿಳಿದವರನ್ನು ಕೇಳ್ತಿದ್ದೀನಿ. ಒಂದು, ಈ ಸಾಲನ್ನು ಹೇಗೆ ಬರೆದರೆ ‘ಹೌದು’ ಅನ್ನೋ ಉತ್ತರಕ್ಕೆ ಅರ್ಥ ಬರುತ್ತೆ? ಎರಡು, ಒಬ್ಬ ಗ್ರಾಹಕ ಒತ್ತಾಯ ಮಾಡಿದರೆ ಮಾರುವವರು ಕೇಳ್ತಾರಾ, ಅಥವಾ ಹತ್ತು ಜನ ಸೇರಬೇಕಾ? ಮೂರು, ಸ್ಟ್ಯಾಂಡರ್ಡ್ ಇದ್ದೂ ಯಾಕೆ ಕೂಡಲ್ಲ?

ಹಳೇಪೈಪು

‘ಬೆಂಬಲ’ ಅನ್ನೋ ಪದವನ್ನೇ ಮೊದಲು ಹೊಡೆದು ಹಾಕಿ. ಅದನ್ನು ಪರೀಕ್ಷೆ ಮಾಡೋಕೆ ಬರಲ್ಲ.

ಬಳಕೆದಾರರ ಖಾತೆ ತೆರೆಯೋ, ಮುಚ್ಚೋ ಕೆಲಸಕ್ಕಿರೋ ಸ್ಕಿಮ್ ನೋಡಿ. ಅದರ ವ್ಯಾಖ್ಯೆ ಇರೋದು 2015ರ ಆರ್‌ಎಫ್‌ಸಿ (ಇಂಟರ್ನೆಟ್ ತಾಂತ್ರಿಕ ದಾಖಲೆ) 7643 ಮತ್ತು 7644ರಲ್ಲಿ. ಆ 7644ರಲ್ಲಿ ಪ್ಯಾಚ್ (ಬದಲಾದಷ್ಟನ್ನೇ ಕಳಿಸೋದು) ಐಚ್ಛಿಕ, ಫಿಲ್ಟರ್ (ಬೇಕಾದ್ದನ್ನಷ್ಟೇ ಆರಿಸಿ ಕೇಳೋದು) ಐಚ್ಛಿಕ, ಬಲ್ಕ್ (ಹಲವು ಕೆಲಸ ಒಟ್ಟಿಗೆ ಕಳಿಸೋದು) ಕೂಡ ಐಚ್ಛಿಕ. ಮೂರನ್ನೂ ಬಿಟ್ಟವನೂ ಎದೆ ತಟ್ಟಿ ‘ಸ್ಕಿಮ್ 2.0 ಇದೆ’ ಅನ್ನಬಹುದು, ಸುಳ್ಳಲ್ಲ. ಆದರೆ ನಿಮ್ಮ ಐಡೆಂಟಿಟಿ ಸರ್ವರ್ ಒಂದು ಗುಂಪಿಗೆ ಒಬ್ಬನನ್ನು ಸೇರಿಸೋಕೆ ಪ್ಯಾಚ್ ಕಳಿಸುತ್ತೆ, ಆ ಕಡೆಯಿಂದ 501, ಅಂದರೆ ‘ಈ ಸೌಲಭ್ಯ ಇಲ್ಲ’, ಬರುತ್ತೆ. ಪ್ಯಾಚ್ ಇಲ್ಲ ಅಂದರೆ ಉಳಿಯೋದು ಪುಟ್, ಅಂದರೆ 8,000 ಸದಸ್ಯರ ಗುಂಪಿಗೆ ಒಬ್ಬ ಸೇರಿದರೂ 8,001 ಹೆಸರಿನ ಇಡೀ ಪಟ್ಟಿ ಮತ್ತೆ ಕಳಿಸಬೇಕು. ಎರಡು ಪುಟ್ ಒಟ್ಟಿಗೆ ಹೋದವೋ, ಒಂದರ ಬದಲಾವಣೆ ಮಾಯ.

ಹಾಗಾಗಿ ಟೆಂಡರ್‌ನಲ್ಲಿ ಹೀಗೆ ಕೇಳಿ: ‘ಸರ್ವಿಸ್ ಪ್ರೊವೈಡರ್ ಕಾನ್ಫಿಗ್ ವಿಳಾಸದಿಂದ ಬಂದ ಉತ್ತರವನ್ನು ಬಿಡ್ ಜೊತೆ ಲಗತ್ತಿಸಿ’. ಸ್ಕಿಮ್‌ನಲ್ಲೇ ಇರೋ ವಿಳಾಸ ಅದು. ಪ್ಯಾಚ್ ಇದೆಯಾ, ಬಲ್ಕ್ ಇದೆಯಾ, ಒಂದು ಬಾರಿಗೆ ಎಷ್ಟು, ಎಲ್ಲಾ ಅದೇ ಹೇಳುತ್ತೆ. ಮಾರಾಟದವರ ಬಾಯಿ ಮಾತಿಗಿಂತ ಸರ್ವರ್ ಬಾಯಿ ಮಾತು ವಾಸಿ.

ನೋಡ್ತಾ_ಇದ್ದೀನಿ

ಟಿಕ್ ಬಾಕ್ಸ್ ಮಟ್ಟಿಗೆ ಜಗತ್ತಿನ ಎಲ್ಲಾ ಸಾಫ್ಟ್‌ವೇರೂ ಕಂಪ್ಲಯಂಟೇ ಬಿಡಿ.

ಬಾಗಿಲು_ಕಾಯೋನು

ಹಳೇಪೈಪು ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ಸ್ಕಿಮ್‌ನಲ್ಲಿ ನಿಜವಾಗಿ ಕಾಲು ಜಾರೋ ಜಾಗಗಳು ಇವು.

ಕೆಲಸ ಬಿಟ್ಟವರ ಖಾತೆ: ಒಬ್ಬರು ಡಿಲೀಟ್ ಕಳಿಸ್ತಾರೆ, ಇನ್ನೊಬ್ಬರು ‘ಆ್ಯಕ್ಟಿವ್’ ಅನ್ನು ಫಾಲ್ಸ್ ಮಾಡ್ತಾರೆ. ಡಿಲೀಟ್ ಬಂದ ಕಡೆ ಆ ವ್ಯಕ್ತಿ ಮಾಡಿದ ಅನುಮೋದನೆಗಳ ದಾಖಲೆಯೂ ಹೋದರೆ ಆಡಿಟ್ ಸಮಯಕ್ಕೆ ಗತಿ ಏನು? ಯಾವುದು ಬೇಕು ಅಂತ ಬರವಣಿಗೆಯಲ್ಲಿ ಇರಲಿ. ಇನ್ನು ಫಾಲ್ಸ್ ಅನ್ನೋದನ್ನು ಬೂಲಿಯನ್ (ಹೌದು/ಅಲ್ಲ ಮೌಲ್ಯ) ಆಗಿ ಕಳಿಸದೆ ಉದ್ಧರಣ ಚಿಹ್ನೆಯೊಳಗಿನ ಅಕ್ಷರವಾಗಿ ಕಳಿಸೋ ಸರ್ವರ್‌ಗಳಿವೆ. ಎದುರಿನವನ ಕೋಡ್ ಖಾಲಿಯಲ್ಲದ ಅಕ್ಷರಮಾಲೆಯನ್ನೆಲ್ಲ ಟ್ರೂ ಅಂತ ಓದಿದರೆ, ಕೆಲಸ ಬಿಟ್ಟವನ ಖಾತೆ ತೆರೆದೇ ಇರುತ್ತೆ. ಎರಡೂ ಕಡೆ ಲಾಗ್‌ನಲ್ಲಿ 200 ಓಕೆ!

ಹೆಸರು ಬದಲಾವಣೆ: ಯೂಸರ್‌ನೇಮನ್ನೇ ಕೀಲಿ ಮಾಡಿಕೊಂಡವರಿಗೆ ಇಮೇಲ್ ಬದಲಾದ ದಿನ ಹೊಸ ಖಾತೆ ಹುಟ್ಟುತ್ತೆ, ಹಳೆಯದು ಅನಾಥ. ಹೊಂದಿಸೋಕೆ ಎಕ್ಸ್‌ಟರ್ನಲ್ ಐಡಿ ಬಳಸಬೇಕು, ಅದರಲ್ಲಿ ಎಂದೂ ಬದಲಾಗದ ಉದ್ಯೋಗಿ ಸಂಖ್ಯೆ ಇರಬೇಕು.

ಒಂದೇ ಲಾಗಿನ್‌ನಲ್ಲಿ ಹಲವು ಸಾಫ್ಟ್‌ವೇರ್ ತೆರೆಯೋ ಸ್ಯಾಮಲ್‌ದೂ ಇದೇ ಕತೆ. ಅದರ 2.0 ಆವೃತ್ತಿ 2005ರದು, ಎಲ್ಲರ ಹತ್ತಿರವೂ ಇದೆ. ನಿಲ್ಲೋದು ಸಹಿ ಸರ್ಟಿಫಿಕೇಟ್ ಅವಧಿ ಮುಗಿದ ದಿನ. ಸರ್ಟಿಫಿಕೇಟನ್ನು ಕೈಯಿಂದ ಅಂಟಿಸೋ ಬದಲು ಮೆಟಾಡೇಟಾ ವಿಳಾಸದಿಂದ ತಾನೇ ಓದಿಕೊಳ್ಳುತ್ತಾ, ಹಳೆಯದು ಹೊಸದು ಎರಡನ್ನೂ ಕೆಲ ದಿನ ಒಟ್ಟಿಗೆ ಒಪ್ಪುತ್ತಾ ಅಂತ ಕೇಳಿ.

ಸ್ಕೀಮಾ_ಸಿಪಾಯಿ

ಮೂರನೇ ಪ್ರಶ್ನೆಗೆ ಬರ್ತೀನಿ. ಕೂಡೋದು ಅಂದರೆ ಎರಡು ಬೇರೆ ಕೆಲಸ. ಸಂದೇಶ ತಲುಪೋದು ಒಂದು, ತಲುಪಿದ್ದು ಅದೇ ಅರ್ಥದಲ್ಲಿ ಓದಿಸಿಕೊಳ್ಳೋದು ಇನ್ನೊಂದು. ಹೆಚ್ಚಿನ ಸ್ಟ್ಯಾಂಡರ್ಡ್‌ಗಳು ಮೊದಲನೆಯದನ್ನು ಬಿಗಿಯಾಗಿ ಕಟ್ಟಿ ಎರಡನೆಯದನ್ನು ಸಡಿಲ ಬಿಡ್ತವೆ. ಸಡಿಲ ಬಿಡದಿದ್ದರೆ ಸಮಿತಿಯಲ್ಲಿ ಒಪ್ಪಿಗೆಯೇ ಆಗ್ತಿರಲಿಲ್ಲ.

ಆಸ್ಪತ್ರೆ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳೋ ಸ್ಟ್ಯಾಂಡರ್ಡ್ ಫೈರ್ ತಗೊಳ್ಳಿ. ಅದರ ನಾಲ್ಕನೇ ಬಿಡುಗಡೆ ಆರ್4ರ ಮೂಲ ವ್ಯಾಖ್ಯೆಯಲ್ಲಿ ‘ಅಬ್ಸರ್ವೇಷನ್’ಗೆ ಕಡ್ಡಾಯ ಇರೋದು ಸ್ಟೇಟಸ್ ಮತ್ತು ಕೋಡ್ ಮಾತ್ರ. ಪರೀಕ್ಷೆಯ ಫಲಿತಾಂಶದ ಅಂಕಿಯೇ ಇಲ್ಲದ ಅಬ್ಸರ್ವೇಷನ್ ಕೂಡ ಸರಿಯೇ. ‘ಪೇಷೆಂಟ್’ನಲ್ಲಿ ಹೆಸರು, ಹುಟ್ಟಿದ ದಿನ ಯಾವುದೂ ಕಡ್ಡಾಯ ಅಲ್ಲ. ಅಂಕಿ ಬಂತು ಅಂತಲೇ ಇಟ್ಟುಕೊಳ್ಳಿ, 5.5 ಅಂತ. ರಕ್ತದ ಗ್ಲೂಕೋಸ್ ಲೀಟರಿಗೆ 5.5 ಮಿಲಿಮೋಲ್ ಅಂದರೆ ಆರೋಗ್ಯವಂತ, ಡೆಸಿಲೀಟರಿಗೆ ಸುಮಾರು 99 ಮಿಲಿಗ್ರಾಂ. ಘಟಕ ಬಿಟ್ಟುಹೋಗಿ ಅದೇ 5.5 ಅನ್ನು ಮಿಲಿಗ್ರಾಂ ಅಂತ ಓದಿದರೆ ರೋಗಿ ಬದುಕಿರೋದೇ ಅನುಮಾನ.

ಹಾಗಾಗಿ ಕೇಳಬೇಕಾದ್ದು ಸ್ಟ್ಯಾಂಡರ್ಡ್ ಅಲ್ಲ, ಪ್ರೊಫೈಲ್. ಪ್ರೊಫೈಲ್ ಅಂದರೆ ‘ಈ ಐಚ್ಛಿಕ ಫೀಲ್ಡ್ ನಮಗೆ ಕಡ್ಡಾಯ, ಈ ಕೋಡ್‌ಗೆ ಲಾಯಿಂಕ್ (ಪರೀಕ್ಷೆಗಳ ಕೋಡ್) ಪಟ್ಟಿ, ಈ ಘಟಕಕ್ಕೆ ಯುಕಮ್ (ಅಳತೆ ಘಟಕಗಳ ಕೋಡ್) ಪಟ್ಟಿ’ ಅನ್ನೋ ಬಿಗಿ ದಾಖಲೆ. ಅದಿಲ್ಲದ ‘ಫೈರ್ ಇದೆ’ಗೆ ‘ಫೋನ್ ಇದೆ’ ಅನ್ನುವಷ್ಟೇ ಬೆಲೆ. ಎದುರಿನವನು ಯಾವ ಭಾಷೆ ಆಡ್ತಾನೆ ಅಂತ ಗೊತ್ತಾಗಲ್ಲ.

ಪರೀಕ್ಷಾರ್ಥಿ

ಒಂದು ತಿದ್ದುಪಡಿ. ಹಳೇಪೈಪು ಹೇಳಿದ ಕಾನ್ಫಿಗ್ ಆಗಲಿ, ಫೈರ್‌ನ ಕೇಪಬಿಲಿಟಿ ಸ್ಟೇಟ್‌ಮೆಂಟ್ ಆಗಲಿ, ಸರ್ವರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋದು. ಯಾರೋ ಕೈಯಿಂದ ಬರೆದಿಟ್ಟ ಸ್ಥಿರ ಫೈಲ್ ಆಗಿರೋದೂ ಉಂಟು. ಪರೀಕ್ಷೆ ಅಂದರೆ ಹೊರಗಿನ ಟೂಲ್ ಓಡಿಸಿ ನೋಡೋದು. ಫೈರ್‌ಗೆ ಇನ್‌ಫರ್ನೋ ಅನ್ನೋ ಮುಕ್ತ ಟೂಲ್ ಇದೆ, ಪ್ರೊಫೈಲ್‌ಗೆ ತಕ್ಕ ಹಾಗೆ ಸರ್ವರನ್ನು ಜಾಲಾಡುತ್ತೆ. ಲಾಗಿನ್ ಸ್ಟ್ಯಾಂಡರ್ಡ್ ಓಪನ್‌ಐಡಿ ಕನೆಕ್ಟ್‌ಗೆ ಓಪನ್‌ಐಡಿ ಫೌಂಡೇಷನ್ನಿನದೇ ಕನ್ಫರ್ಮೆನ್ಸ್ (ಹೊಂದಿಕೆ ಪರೀಕ್ಷೆ) ಸೂಟ್ ಇದೆ. ವರದಿ ಕೊಡಿ ಅಂತ ಕೇಳಿ, ಅದೂ ನಿಮಗೆ ಕೊಡೋ ಆವೃತ್ತಿಯದ್ದು, ಎರಡು ವರ್ಷ ಹಿಂದಿನದ್ದಲ್ಲ.

ಹಳೇಪೈಪು

ಒಪ್ಪಿದೆ. ಆದರೂ ಲಗತ್ತು ಕೇಳಿದ ಕೂಡಲೇ ಅರ್ಧ ಜನ ಉತ್ತರ ಬದಲಾಯಿಸ್ತಾರೆ. ಜರಡಿಯಾಗಿ ಸಾಕು.

ಎಕ್ಸ್12_ಅಜ್ಜ

ಹೊಸದೇನೋ ಕಂಡುಹಿಡಿದ ಹಾಗೆ ಮಾತಾಡ್ತಿದ್ದೀರಲ್ಲ, ಇಡಿಐ (ಕಂಪನಿಗಳು ಆರ್ಡರ್, ಬಿಲ್ಲುಗಳನ್ನು ಕಂಪ್ಯೂಟರಿಂದ ಕಂಪ್ಯೂಟರಿಗೆ ಕಳಿಸೋ ಪದ್ಧತಿ) ಇದನ್ನೆಲ್ಲ ಎಂದೋ ಅನುಭವಿಸಿದೆ. ಅದರ ಅಮೆರಿಕದ ಸ್ಟ್ಯಾಂಡರ್ಡ್ ಎಕ್ಸ್12ರ ಸಮಿತಿ ಶುರುವಾಗಿದ್ದು 1979ರಲ್ಲಿ, ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಬಂದಿದ್ದು 1987ರಲ್ಲಿ. ಎಕ್ಸ್12ರಲ್ಲಿ 850 ಅಂದರೆ ಖರೀದಿ ಆದೇಶ, 856 ಸರಕು ಹೊರಟ ಸೂಚನೆ, 810 ಇನ್‌ವಾಯ್ಸ್. ಸ್ಟ್ಯಾಂಡರ್ಡ್ ಒಂದೇ, ಆದರೆ ಪ್ರತಿ ದೊಡ್ಡ ಖರೀದಿದಾರನೂ ತನ್ನದೇ ಇಂಪ್ಲಿಮೆಂಟೇಷನ್ ಗೈಡ್ ಕೊಡ್ತಾನೆ. ನೀವು ಪ್ರೊಫೈಲ್ ಅಂತಿರೋದು ಅದನ್ನೇ.

ಹೊಸಬರು ಎಡವೋ ಎರಡು ಜಾಗ ಹೇಳ್ತೀನಿ.

ಎಕ್ಸ್12 ಫೈಲಿನ ಮೊದಲ ಸಾಲು, ಐಎಸ್‌ಎ ಸೆಗ್ಮೆಂಟ್, ಸ್ಥಿರ ಅಳತೆಯದು, ಕೊನೆಯ ಚಿಹ್ನೆ ಸೇರಿ 106 ಅಕ್ಷರ. 4ನೇ ಅಕ್ಷರ ಫೀಲ್ಡ್ ಬೇರ್ಪಡಿಸೋ ಚಿಹ್ನೆ, 105ನೆಯದು ಉಪಫೀಲ್ಡ್ ಚಿಹ್ನೆ, 106ನೆಯದು ಸೆಗ್ಮೆಂಟ್ ಮುಗಿಸೋ ಚಿಹ್ನೆ. ಓದೋ ಪ್ರೋಗ್ರಾಂ ಇವನ್ನು ಜಾಗ ಎಣಿಸಿ ಎತ್ತಿಕೊಳ್ಳುತ್ತೆ. ಕಳಿಸೋನು ಐಡಿಯ ಹಿಂದಿನ ಖಾಲಿ ಜಾಗವನ್ನು ಚೆನ್ನಾಗಿ ಕಾಣಲಿ ಅಂತ ಒರೆಸಿದರೆ ಎಲ್ಲಾ ಒಂದೊಂದು ಮನೆ ಸರಿದು ಇಡೀ ಫೈಲ್ ಕಸ.

ಎರಡನೆಯದು ಸ್ವೀಕೃತಿ. ಎಎಸ್2 (ಇಂಟರ್ನೆಟ್ ಮೇಲೆ ಫೈಲ್ ಕಳಿಸೋ ಪ್ರೊಟೋಕಾಲ್) ಕೊಡೋ ಎಂಡಿಎನ್ ರಸೀದಿ ಬಂತು ಅಂದರೆ ಫೈಲ್ ಕೆಡದೆ ಮುಟ್ಟಿದೆ ಅಂತ ಮಾತ್ರ. 997 ಬಂತು ಅಂದರೆ ವ್ಯಾಕರಣ ಸರಿ ಇದೆ ಅಂತ ಮಾತ್ರ. ಆರ್ಡರ್ ಒಪ್ಪಿದ್ದಾರೆ ಅನ್ನೋಕೆ 855 ಬರಬೇಕು. 997 ನೋಡಿ ‘ಆರ್ಡರ್ ಖಾತ್ರಿ’ ಅಂತ ಪರದೆ ಮೇಲೆ ಹಸಿರು ದೀಪ ಹಾಕಿಟ್ಟ ಸಾಫ್ಟ್‌ವೇರ್‌ಗಳಿಗೆ ಲೆಕ್ಕ ಇಲ್ಲ. ಈಗಿನ ಎಪಿಐಗಳಲ್ಲೂ (ಸಾಫ್ಟ್‌ವೇರ್‌ಗಳು ಒಂದನ್ನೊಂದು ಕರೆಯೋ ಬಾಗಿಲುಗಳು) ಇದೇ ತಪ್ಪು: 202 (‘ಸ್ವೀಕರಿಸಿದೆ, ಇನ್ನೂ ಮುಗಿದಿಲ್ಲ’) ಬಂದರೆ ಕೆಲಸ ಆಯ್ತು ಅಂದುಕೊಳ್ಳೋದು.

ಇನ್ನು ಒತ್ತಾಯದ ಪ್ರಶ್ನೆ. ಅಮೆರಿಕದ ವಾಲ್‌ಮಾರ್ಟ್ 2002ರಲ್ಲಿ ತನ್ನ ಪೂರೈಕೆದಾರರಿಗೆ ಎಎಸ್2 ಮೂಲಕವೇ ಕಳಿಸಿ ಅಂತ ಹೇಳಿತು. ಆ ಪ್ರೊಟೋಕಾಲ್ ಆರ್‌ಎಫ್‌ಸಿ 4130 ಆಗಿ ಅಚ್ಚಾಗಿದ್ದು 2005ರಲ್ಲಿ. ಗ್ರಾಹಕ ಮೊದಲು, ಸ್ಟ್ಯಾಂಡರ್ಡಿನ ಕಾಗದ ಆಮೇಲೆ.

ತೂಕದಕಲ್ಲು

ಅಜ್ಜನವರೇ, ಆ ಉದಾಹರಣೆ ಇಲ್ಲಿಗೆ ಒಪ್ಪಲ್ಲ. ಸೋಪು ಮಾರೋನಿಗೆ ವಾಲ್‌ಮಾರ್ಟ್ ಬಿಟ್ಟರೆ ಗತಿಯಿಲ್ಲ, ಹೇಳಿದ ಹಾಗೆ ಕೇಳ್ತಾನೆ. ಸಾಫ್ಟ್‌ವೇರ್‌ನಲ್ಲಿ ತಕ್ಕಡಿ ಆ ಕಡೆಗೆ ಬಾಗಿರುತ್ತೆ. ಇಆರ್‌ಪಿ ಬದಲಾಯಿಸೋದು ಗ್ರಾಹಕನಿಗೆ ವರ್ಷಗಟ್ಟಲೆ ಕೆಲಸ. ಅದು ಮಾರೋನಿಗೆ ಚೆನ್ನಾಗಿ ಗೊತ್ತು.

ದೊಡ್ಡ ಗ್ರಾಹಕನೂ ಸೋತ ಉದಾಹರಣೆ ಬೇಕಾ? ಕಾರು ತಯಾರಕ ಜನರಲ್ ಮೋಟರ್ಸ್ (ಜಿಎಂ) ಕಾರ್ಖಾನೆ ಯಂತ್ರಗಳ ಜಾಲಕ್ಕೆ ತಂದ ಮ್ಯಾಪ್ ಸ್ಟ್ಯಾಂಡರ್ಡ್. 1980ರ ದಶಕ, ಕಾರ್ಖಾನೆ ತುಂಬಾ ಒಬ್ಬೊಬ್ಬರದು ಒಂದೊಂದು ಕಂಟ್ರೋಲರ್, ಒಂದಕ್ಕೊಂದು ಮಾತಿಲ್ಲ. ಜಿಎಂ ‘ಮ್ಯಾಪ್ ಇಲ್ಲದ್ದನ್ನು ಕೊಳ್ಳಲ್ಲ’ ಅನ್ನೋ ಧಾಟಿಯಲ್ಲಿ ಎಲ್ಲರನ್ನೂ ಕೂರಿಸಿತು. ಬೋಯಿಂಗ್ ಕಚೇರಿ ಕಡೆಗೆ ಟಾಪ್ ಅಂತ ಜೊತೆ ಬಂತು. ಏನಾಯ್ತು? ತಂತಿ ಮಟ್ಟಕ್ಕೆ ಟೋಕನ್ ಬಸ್, ಐಇಇಇ 802.4, ಆರಿಸಿದರು. ದುಬಾರಿ ಯಂತ್ರಾಂಶ. 2.1 ಆವೃತ್ತಿಗೆ ಸಾಮಾನು ಮಾಡಿದವರಿಗೆ 1988ರ 3.0 ಹೊಂದಿಕೆಯಾಗಲಿಲ್ಲ, ಹಾಕಿದ ದುಡ್ಡು ನೀರುಪಾಲು. ಅಷ್ಟರಲ್ಲಿ ಈಥರ್ನೆಟ್ ಅಗ್ಗವಾಯ್ತು.

ಎಕ್ಸ್12_ಅಜ್ಜ

ಪೂರ್ತಿ ಹೇಳಿ ಸ್ವಾಮಿ. ಮ್ಯಾಪ್ ಒಳಗಿದ್ದ ಎಂಎಂಎಸ್ (ಯಂತ್ರಗಳ ನಡುವಿನ ಸಂದೇಶಗಳ ಸ್ಟ್ಯಾಂಡರ್ಡ್) ಸಾಯಲಿಲ್ಲ. ಐಎಸ್ಒ 9506 ಆಯ್ತು, ಇವತ್ತಿಗೂ ವಿದ್ಯುತ್ ಸಬ್‌ಸ್ಟೇಷನ್‌ಗಳ ಐಇಸಿ 61850 ಅಡಿಯಲ್ಲಿ ಓಡ್ತಿದೆ. ಸತ್ತಿದ್ದು ತಂತಿ, ಉಳಿದಿದ್ದು ಮಾಹಿತಿಯ ಆಕಾರ.

ನೋಡ್ತಾ_ಇದ್ದೀನಿ

ಗಾಸಿಪ್ ಕೂಡ ಸೇರಿಸಿ. ಹರಟೆ ಅಲ್ಲ, ಒಎಸ್ಐ (ಏಳು ಪದರದ ಜಾಲ ಸ್ಟ್ಯಾಂಡರ್ಡ್‌ಗಳು) ಇರಲೇಬೇಕು ಅನ್ನೋ ಅಮೆರಿಕ ಸರ್ಕಾರದ ಆದೇಶ. 1990ರಲ್ಲಿ ಕಡ್ಡಾಯ, 1995ರಲ್ಲಿ ಇಂಟರ್ನೆಟ್ಟಿನ ಟಿಸಿಪಿ/ಐಪಿಗೂ ಬಾಗಿಲು ತೆಗೆದರು. ಸರ್ಕಾರದಷ್ಟು ದೊಡ್ಡ ಗ್ರಾಹಕ ಯಾರಿದ್ದಾರೆ?

ಮಾದರಿ_ಮಾಡೋಳು

ಬರೀ ಸೋತಿದ್ದನ್ನೇ ಹೇಳ್ತಿದ್ದೀರಿ. ಕಾರು ಉದ್ಯಮದಲ್ಲಿ ಸಿಮ್ಯುಲೇಷನ್ ಮಾಡೆಲ್ ಹಂಚಿಕೊಳ್ಳೋ ಸ್ಟ್ಯಾಂಡರ್ಡ್ ಎಫ್‌ಎಂಐ ನೋಡಿ. ಒಂದು ಕಾರಿನ ಸಿಮ್ಯುಲೇಷನ್‌ಗೆ ಎಂಜಿನ್ ಮಾಡೆಲ್ ಒಂದು ಟೂಲ್‌ದು, ಬ್ರೇಕ್‌ದು ಇನ್ನೊಂದರದು. ಕಾರು ಕಂಪನಿ ಡೈಮ್ಲರ್ ಮುಂದೆ ನಿಂತು ಮೋಡೆಲಿಸಾರ್ ಯೋಜನೆಯಲ್ಲಿ ಟೂಲ್ ತಯಾರಕರನ್ನೂ ಜೊತೆಗೆ ಕೂರಿಸಿ 2010ರಲ್ಲಿ 1.0 ತಂದರು. 2014ರಲ್ಲಿ 2.0, 2022ರಲ್ಲಿ 3.0. ಚಿಕ್ಕ ಸ್ಟ್ಯಾಂಡರ್ಡ್: ಎಫ್‌ಎಂಯು ಅಂದರೆ ಒಂದು ಜಿಪ್, ಒಳಗೆ ಮಾಡೆಲ್ ವಿವರದ ಎಕ್ಸ್‌ಎಂಎಲ್, ಜೊತೆಗೆ ಕಂಪೈಲ್ ಆದ ಬೈನರಿ. ಅಷ್ಟೇ. ಚಿಕ್ಕದಾಗಿದ್ದಕ್ಕೇ ಗೆದ್ದಿತು ಅಂತ ನನ್ನ ಅಭಿಪ್ರಾಯ. ಮ್ಯಾಪ್ ಏಳೂ ಪದರವನ್ನು ಒಟ್ಟಿಗೆ ಹೊರೋಕೆ ಹೋಯ್ತು.

ಹಾಗಂತ ಸಲೀಸು ಅನ್ನಬೇಡಿ. ಎಫ್‌ಎಂಯು ಕೇಳುವಾಗ ಇವನ್ನು ಬರೆಯದಿದ್ದರೆ ಕೆಟ್ಟಿರಿ: ಕೋ-ಸಿಮ್ಯುಲೇಷನ್ನಾ, ಮಾಡೆಲ್ ಎಕ್ಸ್‌ಚೇಂಜಾ (ಮೊದಲನೆಯದರಲ್ಲಿ ಸಮೀಕರಣ ಬಿಡಿಸೋ ಸಾಲ್ವರ್ ಒಳಗೇ ಬರುತ್ತೆ, ಎರಡನೆಯದರಲ್ಲಿ ನಿಮ್ಮದು), ಬೈನರಿ ವಿಂಡೋಸ್‌ಗೆ ಮಾತ್ರವಾ, ಲಿನಕ್ಸ್‌ಗೂ ಉಂಟಾ, ಓಡುವಾಗ ಮೂಲ ಟೂಲ್‌ನ ಲೈಸೆನ್ಸ್ ಸರ್ವರನ್ನು ಹುಡುಕುತ್ತಾ. ಕೊನೆಯದು ನಿಜವಾದ ಬಲೆ. ಎಫ್‌ಎಂಯು ಕೈಯಲ್ಲಿದೆ, ಓಡಿಸೋಕೆ ಅವರದೇ ಲೈಸೆನ್ಸ್ ಬೇಕು. 2.0ಯಿಂದ 3.0ಗೆ ಬೈನರಿ ಫೋಲ್ಡರಿನ ಹೆಸರುಗಳೂ ಬದಲಾಗಿವೆ, ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡವರು ಖಾಲಿ ಫೋಲ್ಡರ್ ಹುಡುಕ್ತಾ ಕೂರ್ತಾರೆ.

3ಡಿ ವಿನ್ಯಾಸಕ್ಕೆ ಸ್ಟೆಪ್ ಎಪಿ242 ಕೇಳುವಾಗಲೂ ‘ವ್ಯಾಲಿಡೇಷನ್ ಪ್ರಾಪರ್ಟಿ ಸಮೇತ’ ಅಂತ ಸೇರಿಸಿ. ಕಳಿಸೋ ಕಡೆ ಭಾಗದ ಗಾತ್ರ, ಮೇಲ್ಮೈ ವಿಸ್ತೀರ್ಣ, ಕೇಂದ್ರಬಿಂದು ಲೆಕ್ಕ ಹಾಕಿ ಫೈಲ್‌ನಲ್ಲೇ ಬರೆಯುತ್ತೆ. ತೆರೆಯೋ ಕಡೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತೆ. ಒಂದು ಮೇಲ್ಮೈ ಕಳಚಿಹೋಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಇಂಥ ತಾಳೆ ನಾನು ನೋಡಿದ ಬೇರೆ ಯಾವ ಕ್ಷೇತ್ರದಲ್ಲೂ ಇಷ್ಟು ಚೆನ್ನಾಗಿಲ್ಲ.

ತೂಕದಕಲ್ಲು

ಒಪ್ಪುತ್ತೇನೆ, ಆದರೆ ಅಲ್ಲೂ ಒಬ್ಬ ಗ್ರಾಹಕ ಅಲ್ಲ, ಗುಂಪು. ಪ್ರೋಸ್ಟೆಪ್ ಐವಿಪ್ ಸಂಘದ ‘ಕೋಡ್ ಆಫ್ ಪಿಎಲ್ಎಂ ಓಪನ್‌ನೆಸ್’ (ಉತ್ಪನ್ನದ ವಿನ್ಯಾಸ ದಾಖಲೆ ನೋಡಿಕೊಳ್ಳೋ ಸಾಫ್ಟ್‌ವೇರ್ ಮುಕ್ತವಾಗಿರಲಿ ಅನ್ನೋ ನಿಯಮಾವಳಿ) ಅದೇ ಜಾತಿಯದ್ದು. ಕೊಳ್ಳುವವರು, ಮಾರುವವರು ಇಬ್ಬರೂ ಸಹಿ ಹಾಕ್ತಾರೆ. ತೈಲ ಕಂಪನಿ ಎಕ್ಸಾನ್‌ಮೊಬಿಲ್ ಕೂಡ ಒಂಟಿಯಾಗಿ ಹೋಗಲಿಲ್ಲ. 2016ರಲ್ಲಿ ದಿ ಓಪನ್ ಗ್ರೂಪ್ ಅಡಿಯಲ್ಲಿ ಓಪನ್ ಪ್ರೋಸೆಸ್ ಆಟೊಮೇಷನ್ ಫೋರಂ ಶುರುವಾಗಿ 2019ರಲ್ಲಿ ಕಾರ್ಖಾನೆ ನಿಯಂತ್ರಣದ ಒ-ಪಾಸ್ ಸ್ಟ್ಯಾಂಡರ್ಡಿನ ಮೊದಲ ಆವೃತ್ತಿ ಬಂತು. ಹೊಸ ತಂತಿ ಕಂಡುಹಿಡಿಯದೆ ಆಗಲೇ ಇದ್ದ ಒಪಿಸಿ ಯುಎ (ಯಂತ್ರಗಳ ಮಾಹಿತಿ ವಿನಿಮಯದ ಸ್ಟ್ಯಾಂಡರ್ಡ್) ಎತ್ತಿಕೊಂಡರು, ಅಷ್ಟು ಬುದ್ಧಿ ಬಂದಿತ್ತು.

ಮಾರೋ_ಕಡೆಯವ

ಎಲ್ಲರೂ ಮಾರುವವರ ಮೇಲೇ ಗೂಬೆ ಕೂರಿಸ್ತಿದ್ದೀರಿ. ಈ ಕಡೆಯದ್ದೂ ಕೇಳಿ.

‘ಸ್ಟ್ಯಾಂಡರ್ಡ್ ಬೇಕು’ ಅನ್ನೋ ಅದೇ ಗ್ರಾಹಕ ಎರಡನೇ ಮೀಟಿಂಗ್‌ಗೆ ತನ್ನದೇ 140 ಫೀಲ್ಡಿನ ಎಕ್ಸೆಲ್ ತರ್ತಾನೆ. ಅದರಲ್ಲಿ 50 ಸ್ಟ್ಯಾಂಡರ್ಡ್‌ನಲ್ಲೇ ಇರುತ್ತೆ ಬೇರೆ ಹೆಸರಿನಲ್ಲಿ, 60 ಯಾರೂ ತುಂಬದ ಫೀಲ್ಡ್, ಉಳಿದಿದ್ದು ‘ವಿಶೇಷ’. ಆಸ್ಪತ್ರೆಗಳ ಹಳೆಯ ಸ್ಟ್ಯಾಂಡರ್ಡ್ ಎಚ್‌ಎಲ್7 ಎರಡನೇ ಆವೃತ್ತಿಯಲ್ಲಿ ಝಡ್ ಸೆಗ್ಮೆಂಟ್ ಅಂತ ಇದೆ, ಬೇಕಾದ್ದು ತುರುಕೋಕೆ. ಅದು ಬೆಳೆದಿದ್ದು ಮಾರುವವರಿಂದ ಅಷ್ಟೇ ಅಲ್ಲ, ಕೇಳುವವರಿಂದ.

ಆವೃತ್ತಿ ಬದಲಾಯಿಸೋಕೂ ಗ್ರಾಹಕರು ಒಪ್ಪಲ್ಲ. ಒಬ್ಬನಿಗೆ ಹಳೆಯದೇ ಬೇಕು, ಇನ್ನೊಬ್ಬನಿಗೆ ನಿನ್ನೆ ಬಂದಿದ್ದು ಬೇಕು. ಪ್ರತಿ ಆವೃತ್ತಿಗೂ ಪರೀಕ್ಷೆ, ದಾಖಲೆ, ಸಪೋರ್ಟ್. ಅದರ ಖರ್ಚು ಯಾರು ಕೊಡಬೇಕು?

ಬಾಗಿಲು_ಕಾಯೋನು

ಖರ್ಚಿನ ಮಾತು ಸರಿ. ಆದರೆ ಸಿಂಗಲ್ ಸೈನ್-ಆನ್ (ಎಲ್ಲಕ್ಕೂ ಒಂದೇ ಲಾಗಿನ್) ಬೇಕಾದರೆ ಎಲ್ಲಕ್ಕಿಂತ ದುಬಾರಿ ಪ್ಲ್ಯಾನ್ ತಗೊಳ್ಳಿ ಅನ್ನೋದು ಯಾವ ನ್ಯಾಯ? ಒಮ್ಮೆ ಬರೆದ ಕೋಡ್ ಅದು.

ಮಾರೋ_ಕಡೆಯವ

ಒಮ್ಮೆ ಬರೆದ ಕೋಡ್, ಆದರೆ ಪ್ರತಿ ಗ್ರಾಹಕನ ನೇಮ್‌ಐಡಿ (ಲಾಗಿನ್ ಸಂದೇಶದಲ್ಲಿ ಬರೋ ಗುರುತು) ಬೇರೆ, ಗಡಿಯಾರ ನಾಲ್ಕು ನಿಮಿಷ ಹಿಂದೆ, ಸರ್ಟಿಫಿಕೇಟ್ ಮುಗಿದ ರಾತ್ರಿ ಫೋನ್ ಬರೋದು ಸಪೋರ್ಟಿಗೆ. ಆದರೂ ಆ ದರ ಜಾಸ್ತಿಯೇ ಅಂತ ಒಪ್ಪಿಕೊಳ್ತೀನಿ, ಹೊಡೀಬೇಡಿ.

ಅಲ್ಪವಿರಾಮ

ಇಷ್ಟೆಲ್ಲ ಆದ ಮೇಲೂ ಕೊನೆಗೆ ಸಿಎಸ್‌ವಿ ಫೈಲ್ (ಫೀಲ್ಡ್ ಮಧ್ಯೆ ಅಲ್ಪವಿರಾಮ ಹಾಕಿದ ಬರೀ ಸಾಲುಗಳು) ಇಮೇಲ್‌ನಲ್ಲಿ ಬರುತ್ತೆ ಅಲ್ವಾ?

ಎಕ್ಸ್12_ಅಜ್ಜ

ಬರುತ್ತೆ, ಜೊತೆಗೆ ರೋಗಗಳನ್ನೂ ತರುತ್ತೆ. 2005ರ ಆರ್‌ಎಫ್‌ಸಿ 4180 ಇದೆ ಸಿಎಸ್‌ವಿಗೆ, ಅದು ಬರೀ ಮಾಹಿತಿಗೆ ಅಂತ ಬಂದಿದ್ದು, ಸ್ಟ್ಯಾಂಡರ್ಡ್ ಅಂತಲ್ಲ. ದಶಮಾಂಶಕ್ಕೆ ಅಲ್ಪವಿರಾಮ ಬಳಸೋ ದೇಶಗಳಲ್ಲಿ ಫೀಲ್ಡ್ ಮಧ್ಯೆ ಅರ್ಧವಿರಾಮ ಬರುತ್ತೆ. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ‘00417’ ಬರೀ 417 ಆಗುತ್ತೆ. 15 ಅಂಕಿ ಮೀರಿದ ಸಂಖ್ಯೆಯ ಬಾಲ ಸೊನ್ನೆಯಾಗುತ್ತೆ, ಅಂದರೆ 16 ಅಂಕಿಯ ಖಾತೆ ಸಂಖ್ಯೆಯ ಕೊನೆ ಅಂಕಿ ಹೋಯ್ತು. 10,48,576 ಸಾಲು ದಾಟಿದ್ದು ಕಾಣೋದೇ ಇಲ್ಲ. 03/04 ಅನ್ನೋದು ಮಾರ್ಚಾ ಏಪ್ರಿಲ್ಲಾ ಅನ್ನೋದು ಕಳಿಸಿದವನಿಗೇ ಗೊತ್ತಿರಲ್ಲ.

ಅಲ್ಪವಿರಾಮ

ಹೆಸರಿಗೆ ತಕ್ಕ ಹಾಗೆ ಬೈಸಿಕೊಂಡೆ.

ಕರಾರುಪತ್ರ

ಎಲ್ಲರಿಗೂ ಧನ್ಯವಾದ. ಪ್ರೊಫೈಲ್, ಆವೃತ್ತಿ, ಪರೀಕ್ಷೆ ಅರ್ಥವಾಯ್ತು. ಷರತ್ತಿನಲ್ಲಿ ಇನ್ನೇನು ಬೇಕು? ಎಪಿಐ ಇದೆ, ದಾಖಲೆಯೂ ಇದೆ ಅಂದರೆ ಸಾಕಾ?

ಹಳೇಪೈಪು

ಸಾಲದು. ಲೆಕ್ಕ ಹಾಕಿ. ನಿಮಿಷಕ್ಕೆ 100 ಕರೆ ಮಿತಿ, ಒಂದು ಕರೆಗೆ ಒಂದು ದಾಖಲೆ. 4 ಲಕ್ಷ ದಾಖಲೆ ಎತ್ತೋಕೆ 4,000 ನಿಮಿಷ, ಅಂದರೆ 66 ಗಂಟೆ 40 ನಿಮಿಷ. ಅದೇ ಮಿತಿ, ಆದರೆ ಒಂದು ಪುಟಕ್ಕೆ 200 ದಾಖಲೆ ಕೊಟ್ಟರೆ 2,000 ಕರೆ, 20 ನಿಮಿಷ. ಎರಡಕ್ಕೂ ‘ಎಪಿಐ ಇದೆ’ ಅಂತಲೇ ಟಿಕ್. ಹಾಗಾಗಿ ಮಿತಿ, ಪುಟದ ಗಾತ್ರ, ‘ಇಂಥ ಸಮಯದಿಂದೀಚೆ ಬದಲಾದದ್ದು ಮಾತ್ರ ಕೊಡು’ ಅಂತ ಕೇಳೋ ಸೌಲಭ್ಯ, ಈ ಮೂರನ್ನೂ ಅಂಕಿಯಲ್ಲಿ ಬರೆಸಿ. ‘ಬದಲಾದದ್ದು’ ಅಂದಾಗ ಅಳಿಸಿದ್ದೂ ಬರುತ್ತಾ ಅಂತ ಕೇಳೋದು ಮರೀಬೇಡಿ. ಹೆಚ್ಚಿನ ಎಪಿಐಗಳು ಅಳಿಸಿದ್ದರ ಬಗ್ಗೆ ತುಟಿ ಪಿಟಕ್ ಅನ್ನಲ್ಲ, ನಿಮ್ಮ ಕಡೆ ದೆವ್ವದ ದಾಖಲೆಗಳು ಉಳಿಯುತ್ತವೆ.

ಪರೀಕ್ಷಾರ್ಥಿ

ಒಪ್ಪಿಗೆ ಪರೀಕ್ಷೆಯಲ್ಲಿ ಬರೀ ಸರಿ ದಾರಿ ಇಟ್ಟರೆ ಎಲ್ಲರೂ ಪಾಸ್. ಇವನ್ನು ಇಡಿ:

ಒಂದೇ ಸಂದೇಶ ಎರಡು ಸಲ ಕಳಿಸಿ, ಎರಡು ಆರ್ಡರ್ ಹುಟ್ಟಬಾರದು. ಘಟನೆಗಳನ್ನು ತಿರುವುಮುರುವು ಕಳಿಸಿ, ‘ರದ್ದು’ ಮೊದಲು, ‘ಹೊಸದು’ ಆಮೇಲೆ. 500 ದಾಖಲೆಯ ಬಲ್ಕ್‌ನಲ್ಲಿ 3 ಕೆಟ್ಟದ್ದು ಇಡಿ: 497 ಒಳಗೆ ಹೋಗಿ ಆ 3 ಯಾವುವು ಅಂತ ಹೇಳುತ್ತಾ, ಇಡೀ ಕಟ್ಟನ್ನೇ ಎಸೆಯುತ್ತಾ, ಅಥವಾ (ಇದೇ ಅಪಾಯ) 497 ನುಂಗಿ ‘400’ ಅನ್ನೋ ದೋಷದ ಕೋಡ್ ತೋರಿಸುತ್ತಾ? ಆಮೇಲೆ ಒಂದು ಗಂಟೆ ಎದುರಿನ ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿ, ಮಧ್ಯದ್ದು ಬಂದು ಸೇರುತ್ತಾ ನೋಡಿ.

ಘಟನೆಗಳ ಸಂದೇಶಕ್ಕಿರೋ ಸ್ಟ್ಯಾಂಡರ್ಡ್ ಕ್ಲೌಡ್‌ಈವೆಂಟ್ಸ್ 1.0 ಕೊಡ್ತೀವಿ ಅಂದರೆ ಖುಷಿ ಪಡಿ, ಆದರೆ ಅದು ಹೊದಿಕೆ ಮಾತ್ರ. ಸೋರ್ಸ್ ಮತ್ತು ಐಡಿ ಜೋಡಿ ಅನನ್ಯ ಇರಬೇಕು ಅನ್ನುತ್ತೆ, ಅದರಿಂದ ನಕಲು ಹಿಡೀಬಹುದು. ಅನುಕ್ರಮದ ಭರವಸೆ ಅದರಲ್ಲಿಲ್ಲ.

ಸ್ಕೀಮಾ_ಸಿಪಾಯಿ

ಇದೆಲ್ಲಕ್ಕಿಂತ ಮೊದಲು ಗ್ರಾಹಕ ತನ್ನ ಮನೆಯೊಳಗೆ ಒಂದು ಸಾಮಾನ್ಯ ಮಾಹಿತಿ ಮಾದರಿ ಕಟ್ಟಬೇಕು. 12 ವ್ಯವಸ್ಥೆ ಒಂದಕ್ಕೊಂದು ನೇರ ಜೋಡಿಸಿದರೆ 66 ಕೊಂಡಿ. ಮಧ್ಯೆ ಒಂದು ಸಾಮಾನ್ಯ ಮಾದರಿ ಇಟ್ಟರೆ 12.

ತೂಕದಕಲ್ಲು

ಆ 66 ಕಾಗದದ ಲೆಕ್ಕ. ವೇತನದ ವ್ಯವಸ್ಥೆಗೂ 3ಡಿ ವಿನ್ಯಾಸಕ್ಕೂ ಏನು ಮಾತು? ನಿಜವಾಗಿ ಬೇಕಾಗೋದು ಅದರಲ್ಲಿ ಮೂರನೇ ಒಂದು ಭಾಗ ಇದ್ದೀತು. ಇನ್ನು ‘ಸಾಮಾನ್ಯ ಮಾದರಿ’ ಮಾಡೋಕೆ ಕೂತವರು ಎದ್ದಿದ್ದನ್ನು ಯಾರು ನೋಡಿದ್ದಾರೆ? ‘ಗ್ರಾಹಕ’ ಅಂದರೆ ಮಾರಾಟಕ್ಕೆ ಮಾತುಕತೆಯಲ್ಲಿರೋನು, ಬಿಲ್ಲಿಂಗ್‌ಗೆ ದುಡ್ಡು ಕಟ್ಟೋ ಸಂಸ್ಥೆ, ಸಪೋರ್ಟಿಗೆ ಫೋನ್ ಮಾಡಿದ ಮನುಷ್ಯ. ಮೂರನ್ನೂ ಒಂದೇ ಅಚ್ಚಿಗೆ ಹುಯ್ದರೆ ಎಲ್ಲವೂ ಐಚ್ಛಿಕವಾದ 600 ಫೀಲ್ಡಿನ ರಾಕ್ಷಸ ಹುಟ್ಟುತ್ತೆ.

ಸ್ಕೀಮಾ_ಸಿಪಾಯಿ

ಇಡೀ ಮಾದರಿ ಅಂತ ನಾನು ಹೇಳಿದ್ದು ತಪ್ಪು ಅರ್ಥ ಕೊಡ್ತು. ಕೀಲಿಗಳು ಸಾಕು ಅಂತಿಟ್ಟುಕೊಳ್ಳಿ: ಉದ್ಯೋಗಿ, ಗ್ರಾಹಕ ಸಂಸ್ಥೆ, ಬಿಡಿಭಾಗ, ಸ್ಥಳ, ಖರ್ಚಿನ ಘಟಕ. ಇವುಗಳ ಗುರುತು ಸಂಖ್ಯೆ ಎಲ್ಲಾ ಕಡೆ ಒಂದೇ ಇರಬೇಕು. ಪ್ರತಿ ಫೀಲ್ಡಿಗೂ ಯಾವ ವ್ಯವಸ್ಥೆ ಯಜಮಾನ ಅಂತ ಒಂದು ಪಟ್ಟಿ ಬೇಕು. ಫೋನ್ ನಂಬರಿಗೆ ಎಚ್‌ಆರ್ ಯಜಮಾನ ಆದರೆ ಬೇರೆಯವರು ಅದನ್ನು ತಿದ್ದಬಾರದು. ಆ ಪಟ್ಟಿ ಇಲ್ಲದೆ ಎರಡೂ ಕಡೆ ಸಿಂಕ್ ಹಾಕಿದರೆ ಎರಡು ವ್ಯವಸ್ಥೆಗಳು ರಾತ್ರಿಯಿಡೀ ಒಂದರ ಮೇಲೊಂದು ಬರೀತಾ ಕೂರ್ತವೆ.

ತೂಕದಕಲ್ಲು

ಇದಕ್ಕೆ ನನ್ನ ತಕರಾರಿಲ್ಲ.

ನೂರನಲವತ್ತು

ಬ್ಯಾಂಕಿಂಗ್ ಯಾರೂ ಎತ್ತಲಿಲ್ಲ. ಪಾವತಿ ಸಂದೇಶಗಳ ಹೊಸ ಸ್ಟ್ಯಾಂಡರ್ಡ್ ಐಎಸ್ಒ 20022ಕ್ಕೆ ಬದಲಾಗಿದ್ದು ಯಾರ ಪ್ರೀತಿಯಿಂದಲೂ ಅಲ್ಲ, ಗಡುವಿನಿಂದ. ಬ್ಯಾಂಕುಗಳ ಸಂದೇಶ ಜಾಲ ಸ್ವಿಫ್ಟ್‌ನಲ್ಲಿ ಹಳೆಯ ಎಂಟಿ103 ಮತ್ತು ಹೊಸ ಪ್ಯಾಕ್ಸ್.008 ಜೊತೆಜೊತೆಗೆ ಓಡೋಕೆ 2023ರ ಮಾರ್ಚ್‌ನಿಂದ 2025ರ ನವೆಂಬರ್ 22ರವರೆಗೆ ಅವಕಾಶ ಇತ್ತು.

ಆ ಜೊತೆಯ ಕಾಲದಲ್ಲಿ ಆದ ಹಾನಿ ಎಲ್ಲಾ ಕ್ಷೇತ್ರಕ್ಕೂ ಪಾಠ. ಎಂಟಿಯಲ್ಲಿ ಹೆಸರು ವಿಳಾಸ ಸೇರಿ 35 ಅಕ್ಷರದ 4 ಸಾಲು, ಒಟ್ಟು 140. ಪ್ಯಾಕ್ಸ್‌ನಲ್ಲಿ ಹೆಸರೊಂದಕ್ಕೇ 140, ವಿಳಾಸಕ್ಕೆ ಬೀದಿ, ಊರು, ದೇಶ ಬೇರೆ ಬೇರೆ. ಹೊಸದರಿಂದ ಹಳೆಯದಕ್ಕೆ ಅನುವಾದ ಮಾಡಿದ ಕೂಡಲೇ ಬಾಲ ಕತ್ತರಿಸುತ್ತೆ, ಮುಂದೆ ಯಾರಾದರೂ ಮತ್ತೆ ಹೊಸದಕ್ಕೆ ತಿರುಗಿಸಿದರೂ ಹೋದದ್ದು ಬರಲ್ಲ. ನಿರ್ಬಂಧಿತರ ಪಟ್ಟಿಗೆ ಹೆಸರು ತಾಳೆ ನೋಡೋ ಕೆಲಸಕ್ಕೆ ಇದು ನೇರ ಪೆಟ್ಟು. ಮಧ್ಯದ ಅನುವಾದಕ ಎಲ್ಲಿದ್ದರೂ ‘ಮೂಲ ಸಂದೇಶವನ್ನು ಹಾಗೇ ಇಡಬೇಕು’ ಅಂತ ಷರತ್ತು ಹಾಕಿ.

ಎಕ್ಸ್12_ಅಜ್ಜ

ಸಣ್ಣ ತಿದ್ದುಪಡಿ: ಆ ಗಡುವು ದೇಶದಿಂದ ದೇಶಕ್ಕೆ ಹೋಗೋ ಪಾವತಿ ಆದೇಶಗಳದ್ದು. ಖಾತೆ ವಿವರದ ಎಂಟಿ940 ಅವತ್ತೇ ನಿಲ್ಲಲಿಲ್ಲ. ಕಂಪನಿಗಳ ಲೆಕ್ಕಪತ್ರ ವಿಭಾಗದವರು ಇದನ್ನು ಒಂದೇ ಅಂದುಕೊಂಡು ಗಾಬರಿ ಬೀಳ್ತಾರೆ.

ನೂರನಲವತ್ತು

ಸರಿ, ಒಪ್ಪಿದೆ.

ಬಾಗಿಲು_ಕಾಯೋನು

ಹೊರಗೆ ಹೋಗೋ ಬಾಗಿಲನ್ನೂ ಒಳಗೆ ಬರುವಾಗಲೇ ಬರೆಸಿ. ‘ಡೇಟಾ ಎಕ್ಸ್‌ಪೋರ್ಟ್ ಇದೆ’ ಅಂದರೆ ಏನೇನು? ಲಗತ್ತುಗಳು, ದಾಖಲೆಗಳ ನಡುವಿನ ಸಂಬಂಧ, ಯಾರು ಯಾವಾಗ ತಿದ್ದಿದರು ಅನ್ನೋ ಇತಿಹಾಸ, ಅನುಮತಿಗಳು. ಸಾಮಾನ್ಯವಾಗಿ ಸಿಗೋದು ಕೋಷ್ಟಕ ಮಾತ್ರ, ಲಗತ್ತುಗಳ ಬದಲು ಕೆಲವೇ ದಿನ ಬದುಕೋ ಲಿಂಕುಗಳು. ವರ್ಷಕ್ಕೊಮ್ಮೆ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಖಾಲಿ ಡೇಟಾಬೇಸಿಗೆ ತುಂಬಿ ನೋಡೋ ಹಕ್ಕು ಕೇಳಿ.

ಐರೋಪ್ಯ ಒಕ್ಕೂಟದಲ್ಲಿ ಈಗ ಇದಕ್ಕೆ ಕಾನೂನೇ ಇದೆ. ಡೇಟಾ ಆ್ಯಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯ, ಕ್ಲೌಡ್ ಬದಲಾಯಿಸೋಕೆ ಶುಲ್ಕ ಕೇಳೋ ಹಾಗಿಲ್ಲ ಅನ್ನೋದು 2027ರ ಜನವರಿ 12ರಿಂದ. ಒಬ್ಬೊಬ್ಬ ಗ್ರಾಹಕ ಗೋಗರೆದು ಸಿಗದ್ದು ಹಾಗೆ ಸಿಕ್ಕಿತು.

ಮಾರೋ_ಕಡೆಯವ

ಷರತ್ತು ಬರೆಯುವಾಗ ಆವೃತ್ತಿ ಬದಲಾವಣೆಗೂ ಒಂದು ಸಾಲು ಇಡಿ, ಎರಡೂ ಕಡೆಗೆ ಅನ್ವಯ ಆಗೋ ಹಾಗೆ. ‘ಹಳೆಯ ಎಪಿಐ ನಿಲ್ಲಿಸೋಕೆ 12 ತಿಂಗಳ ಮೊದಲು ಲಿಖಿತ ಸೂಚನೆ, ಆ ಅವಧಿಯಲ್ಲಿ ಎರಡೂ ಓಡಬೇಕು’ ಅಂದರೆ ಹೆಚ್ಚಿನವರು ಒಪ್ತಾರೆ. ‘ಎಂದೆಂದಿಗೂ ಬೆಂಬಲಿಸಬೇಕು’ ಅಂದರೆ ಒಪ್ಪಿದ ಹಾಗೆ ಸಹಿ ಹಾಕಿ ಆಮೇಲೆ ಮರೀತಾರೆ.

ಕರಾರುಪತ್ರ

ಇಷ್ಟನ್ನೂ ಸೇರಿಸಿ ಕರಡು ಮಾಡಿದ್ದೀನಿ, ತಪ್ಪಿದ್ದರೆ ಹೇಳಿ:

‘ಪೂರೈಕೆದಾರರು ಪ್ರತಿ ಇಂಟರ್‌ಫೇಸಿಗೆ ಸ್ಟ್ಯಾಂಡರ್ಡ್, ಆವೃತ್ತಿ, ಪ್ರೊಫೈಲ್, ಒಳಬರುವ ಮತ್ತು ಹೊರಹೋಗುವ ಕ್ರಿಯೆಗಳ ಪಟ್ಟಿ ಕೊಡಬೇಕು. ಐಚ್ಛಿಕ ಭಾಗಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ ಗುರುತಿಸಬೇಕು. ಕೊಡುತ್ತಿರುವ ಆವೃತ್ತಿಯ ಮೇಲೆ ಹೊರಗಿನ ಟೂಲ್‌ನಿಂದ ಮಾಡಿದ ಪರೀಕ್ಷಾ ವರದಿ ಲಗತ್ತಿಸಬೇಕು. ಅನುಬಂಧ ಎರಡರ ದೋಷ ಸನ್ನಿವೇಶಗಳು ಪಾಸಾಗುವವರೆಗೆ ಕೊನೆಯ ಕಂತು ಬಿಡುಗಡೆ ಇಲ್ಲ. ಈ ಇಂಟರ್‌ಫೇಸುಗಳಿಗೆ ಪ್ರತ್ಯೇಕ ಲೈಸೆನ್ಸ್ ಶುಲ್ಕ ಇಲ್ಲ. ಆರೋಗ್ಯ ದಾಖಲೆಗೆ: ಫೈರ್ ಆರ್4, ಅನುಬಂಧ ಮೂರರ ಪ್ರೊಫೈಲ್.’

ಹಳೇಪೈಪು

ಮಿತಿಯ ಅಂಕಿಗಳು ಎಲ್ಲಿ? ಕರೆ, ಪುಟದ ಗಾತ್ರ, ಅಳಿಸಿದ್ದರ ಸೂಚನೆ.

ಬಾಗಿಲು_ಕಾಯೋನು

ಎಕ್ಸ್‌ಪೋರ್ಟೂ ಬಿಟ್ಟುಹೋಗಿದೆ.

ಮಾದರಿ_ಮಾಡೋಳು

‘ಪ್ರತ್ಯೇಕ ಲೈಸೆನ್ಸ್ ಶುಲ್ಕ ಇಲ್ಲ’ ಅನ್ನೋದರ ಜೊತೆ ‘ಓಡಿಸುವಾಗ ಪೂರೈಕೆದಾರರ ಲೈಸೆನ್ಸ್ ಸರ್ವರ್ ಸಂಪರ್ಕ ಬೇಕಾಗಬಾರದು’ ಅಂತಲೂ ಸೇರಿಸಿ. ಇಲ್ಲದಿದ್ದರೆ ಹಿಂಬಾಗಿಲಿಂದ ಬರ್ತಾರೆ.

ಸ್ಕೀಮಾ_ಸಿಪಾಯಿ

‘ಆರ್4’ ಅಂತ ಬಿಟ್ಟರೆ 4.0.0 ಕೊಟ್ಟು ಅದೂ ಆರ್4 ಅಂತಾರೆ. 2019ರ ತಿದ್ದಿದ ಪ್ರತಿ 4.0.1. ಹಾಗೇ ಬರೀರಿ, ಅನುಬಂಧದ ಪ್ರೊಫೈಲಿಗೂ ಆವೃತ್ತಿ ಸಂಖ್ಯೆ ಹಾಕಿ.

ಕರಾರುಪತ್ರ

ತಿದ್ದಿದೆ, ನಾಲ್ಕೂ ಸೇರಿಸಿದೆ. ಅನುಬಂಧ ಎರಡು ಈಗ ಷರತ್ತಿಗಿಂತ ಉದ್ದ ಆಗಿದೆ.

ಪರೀಕ್ಷಾರ್ಥಿ

ಹಾಗೇ ಇರಬೇಕು.